ಅಜ್ಜನ ಮಳೆ ಪುಸ್ತಕ ಮುಂದುವರ್ಸಿ, ಕಲ್ಲು ಬೆಂಚು ಆಮೇಲೆ ನೋಡೋಣ

ಪ್ರಶ್ನೆ: ನಮ್ಮಪ್ಪ ಹೋದ ವರ್ಷ ಜೂನ್ ಕೊನೇಲಿ ತೀರ್ಕೊಂಡ್ರು, 74 ವರ್ಷ ಆಗಿತ್ತು. ಕೊಡಗಿನ ಕಕ್ಕಬ್ಬೆ ಹತ್ರ ನಮ್ದು ಸಣ್ಣ ರೋಬಸ್ಟಾ ಕಾಫಿ ತೋಟ. ಅಪ್ಪ ಮನೆ ಒಳಗೆ ಕೂತಿದ್ದೇ ಕಮ್ಮಿ, ತೋಟ, ಹೊಳೆ, ಬೆಟ್ಟ ಅಂತ ಓಡಾಡ್ಕೊಂಡೇ ಇದ್ದೋರು. ನನ್ನ ಮಗನಿಗೆ 11, ಮಗಳಿಗೆ 6, ರಜೆ ಬಂತು ಅಂದ್ರೆ ಇಬ್ರೂ ಅಜ್ಜನ ಬಾಲ. ಈಗ ಮಗ ತೋಟಕ್ಕೆ ಬರಲ್ಲ ಅಂತ ಹಟ ಮಾಡ್ತಾನೆ, ಮಗಳು 'ಅಜ್ಜ ಬೆಟ್ಟದಿಂದ ಯಾವಾಗ ಇಳೀತಾರೆ' ಅಂತ ಕೇಳ್ತಾಳೆ. ಅಣ್ಣ ಹೇಳೋದು ತೋಟದಲ್ಲಿ ಹೆಸರು ಕೆತ್ತಿದ ಕಲ್ಲು ಬೆಂಚು ಹಾಕ್ಸೋಣ, ಅಪ್ಪನ ಹೆಸರಲ್ಲಿ ಗಿಡ ನೆಡೋಣ, ವರ್ಷದ ದಿನ ತಡಿಯಂಡಮೋಳ್ ಬೆಟ್ಟದ ಮೇಲೆ ಫೋಟೋ ಇಟ್ಟು ಪೂಜೆ ಮಾಡೋಣ ಅಂತ. ಅಮ್ಮ ಅವರ ಗಮ್‌ಬೂಟು ಜಗಲಿಯಿಂದ ತೆಗೆಯೋಕೆ ಬಿಡ್ತಿಲ್ಲ. ಮಳೆ ಲೆಕ್ಕ ಬರೆದಿರೋ ಹಳೇ ಡೈರಿಗಳು ಒಂದು ಟ್ರಂಕ್ ತುಂಬ ಇವೆ, ಒಂದು ಕೋವಿನೂ ಇದೆ. ಏನು ಇಟ್ಕೊಳೋದು, ಏನು ಬಿಡೋದು, ಮಕ್ಕಳಿಗೆ ಅಜ್ಜ ನೆನಪಲ್ಲಿ ಉಳಿಯೋ ಹಾಗೆ ಏನು ಮಾಡೋದು, ಒಂದೂ ತೋಚ್ತಿಲ್ಲ.
— ಮೈಸೂರಿಂದ ಒಬ್ಬ ಮಗಳು

ಉತ್ತರ, ಮಡಿಕೇರಿಯ ಆಪ್ತಸಮಾಲೋಚಕರಿಂದ:

ಮೊದ್ಲು ಮಗಳ ವಿಷಯ ಹೇಳ್ತೀನಿ ತಂಗಿ. ಬೆಂಚು, ಗಿಡ ಎಲ್ಲ ನಾಳೆ ನಾಡಿದ್ದು ಅಂತ ಮುಂದಕ್ಕೆ ಹಾಕಬಹುದು, ಇವಳು ಮಾತ್ರ ದಿನಾ ಕಾಯ್ತಾ ಕೂತಿದಾಳೆ. ಬೆಟ್ಟದಿಂದ ಯಾವಾಗ ಇಳೀತಾರೆ ಅಂತ ಕೇಳ್ತಾಳೆ ಅಂದ್ರೆ ಅವತ್ತು ಯಾರೋ ದೊಡ್ಡೋರು 'ಅಜ್ಜ ಬೆಟ್ಟಕ್ಕೆ ಹೋಗಿದಾರೆ ಪುಟ್ಟ' ಅಂದಿರ್ಬೇಕು. ಪ್ರೀತಿಯಿಂದಾನೇ ಅಂದಿರ್ತಾರೆ, ಅಳು ನಿಲ್ಸೋಕೆ ಬಾಯಿಗೆ ಬಂದಿದ್ದು ಹೇಳಿರ್ತಾರೆ, ಆದ್ರೆ ಬೇರೆ ಮನೇಲಿ ಹೇಗೋ ಗೊತ್ತಿಲ್ಲ, ನಿಮ್ಮನೆ ಅಜ್ಜ ನಿಜವಾಗ್ಲೂ ಬೆಟ್ಟಕ್ಕೆ ಹೋಗಿ ನಿಜವಾಗ್ಲೂ ಸಂಜೆ ಇಳಿದು ಬರ್ತಿದ್ದ ಮನುಷ್ಯ ಅಲ್ವಾ, ಮಗು ಅದನ್ನ ನಂಬದೇ ಇನ್ನೇನು ಮಾಡುತ್ತೆ. ಆರು ವರ್ಷ ಅಂದ್ರೆ ಸಾವು ವಾಪಸ್ ಆಗೋ ವಿಷಯ ಅಲ್ಲ ಅನ್ನೋದು ಆಗಷ್ಟೇ ತಲೆಗೆ ಹತ್ತೋ ವಯಸ್ಸು, ಅದಕ್ಕೂ ಚಿಕ್ಕೋರಿಗೆ ಹತ್ತೋದೇ ಇಲ್ಲ. ಮಲಗಿದಾರೆ ಅಂತ ಹೇಳಿದ್ರೆ ಕೆಲವು ಮಕ್ಕಳು ತಾವು ಮಲಗೋಕೇ ಹೆದರ್ತಾರೆ, ಊರಿಗೆ ಹೋಗಿದಾರೆ ಅಂದ್ರೆ ಹೇಳದೇ ಹೋದ್ರಲ್ಲ ಅಂತ ಸಿಟ್ಟು ಇಟ್ಕೊತಾರೆ. ಹಾಗಾಗಿ ಬಿಡಿಸಿ ಹೇಳಿ. ಅಜ್ಜ ಸತ್ತೋದ್ರು, ಅವರ ಎದೆ ಬಡ್ಕೊಳೋದು ನಿಂತೋಯ್ತು, ಉಸಿರು ನಿಂತೋಯ್ತು, ಈಗ ಅವರಿಗೆ ಚಳಿ ಆಗಲ್ಲ, ನೋವಾಗಲ್ಲ, ಅವರು ಬೆಟ್ಟದಲ್ಲಿಲ್ಲ, ವಾಪಸ್ ಬರಲ್ಲ. ಹೇಳೋವಾಗ ನಿಮ್ಮ ಗಂಟಲು ಕಟ್ಟಿದ್ರೆ ಕಟ್ಲಿ. ತೋಟದಲ್ಲಿ ಓಡಾಡಿದ ಮಗು ಅವಳು, ಸತ್ತ ಹಕ್ಕಿ, ಸತ್ತ ಏಡಿ ಎಲ್ಲ ಅಜ್ಜನ ಜೊತೇಲೇ ಕೂತು ನೋಡಿರ್ತಾಳೆ, ಅದನ್ನ ನೆನಪು ಮಾಡ್ಸಿದ್ರೆ ಬೇಗ ಅರ್ಥ ಆಗುತ್ತೆ. ನಾಳೆ ಮತ್ತೆ ಅದೇ ಪ್ರಶ್ನೆ ಕೇಳ್ತಾಳೆ, ಮತ್ತೆ ಅದೇ ಉತ್ತರ ಅದೇ ಮಾತಲ್ಲಿ ಕೊಡಿ. ಹೇಳಿ ಐದು ನಿಮಿಷಕ್ಕೆ ಕುಂಟೆಬಿಲ್ಲೆ ಆಡೋಕೆ ಹೋದ್ಲು ಅಂತ ಬೇಜಾರು ಮಾಡ್ಕೋಬೇಡಿ, ಮಕ್ಕಳ ದುಃಖ ಮುಂಗಾರಿಗೆ ಮುಂಚೆ ಬರೋ ಮಳೆ ತರ, ಜೋರಾಗಿ ಹುಯ್ದು ನಿಂತು ಬಿಸಿಲು ಬಂದು ಮತ್ತೆ ಹುಯ್ಯುತ್ತೆ.

ಮಗನದ್ದು ಬೇರೆ ಲೆಕ್ಕ. ಹನ್ನೊಂದು ವರ್ಷದವನಿಗೆ ಸಾವು ಅಂದ್ರೇನು ಅಂತ ಪೂರ್ತಿ ಗೊತ್ತು, ಅದಕ್ಕೇ ಬರಲ್ಲ ಅಂತಿದಾನೆ. ಜಗಲಿಯಲ್ಲಿ ಬೂಟು ಇರುತ್ತೆ, ಅಜ್ಜ ಇರಲ್ಲ, ಅದನ್ನ ನೋಡೋಕೆ ಅವನಿಗೆ ಧೈರ್ಯ ಸಾಲ್ತಿಲ್ಲ. ಇನ್ನೊಂದು ವಿಷಯ, ಈ ವಯಸ್ಸಿನ ಮಕ್ಕಳು ನನ್ನ ಹತ್ರ ಬಂದಾಗ ತುಂಬ ಸಲ ಒಳಗಡೆ ಒಂದು ಸಣ್ಣ ತಪ್ಪಿತಸ್ಥ ಭಾವನೆ ಇಟ್ಕೊಂಡಿರ್ತಾರೆ, ಯಾರಿಗೂ ಹೇಳಿರಲ್ಲ. ಕಡೇ ರಜೇಲಿ ಅಜ್ಜ ಹೊಳೆಗೆ ಬಾ ಅಂದಿದ್ರು ನಾನು ಮೊಬೈಲ್ ನೋಡ್ತಾ ಕೂತಿದ್ದೆ, ಇಷ್ಟೇ ಇರುತ್ತೆ. ನಿಮ್ಮ ಮಗನಿಗೂ ಹಾಗೇ ಇದೆ ಅಂತ ಹೇಳ್ತಿಲ್ಲ, ಇರಬಹುದು ಅಂತ ಕಿವಿ ತೆರೆದಿಡಿ. ಎದುರು ಕೂರ್ಸಿ 'ಏನಾಯ್ತು ಹೇಳು' ಅಂದ್ರೆ ಬಾಯಿ ಬಿಡಲ್ಲ. ಕಾರಲ್ಲಿ ಪಕ್ಕದ ಸೀಟಲ್ಲಿ ಕೂತಿರೋವಾಗ, ಹುಣಸೂರು ದಾಟಿ ತಿತಿಮತಿ ಕಡೆ ಕಾಡು ಶುರುವಾಗುತ್ತಲ್ಲ ಅಲ್ಲಿ ಹೊರಗಡೆ ನೋಡ್ಕೊಂಡು ಮಾತಾಡೋದು ಸುಲಭ, ಮುಖ ನೋಡ್ಬೇಕಾಗಿಲ್ಲ. ನೀವೇ ಶುರು ಮಾಡಿ, ನಾನು ಅಪ್ಪನ ಜೊತೆ ಇಂಥಾ ದಿನ ಜಗಳ ಆಡಿದ್ದೆ ಈಗ ಅದು ನೆನಪಾಗ್ತಿರುತ್ತೆ ಅಂತ ಹೇಳಿ ಸುಮ್ನಾಗ್ಬಿಡಿ. ಅವನು ಮಾತಾಡಿದ್ರೆ ಸರಿ, ಇಲ್ದಿದ್ರೆ ಗೋಣಿಕೊಪ್ಪದಲ್ಲಿ ನಿಲ್ಸಿ ಏನಾದ್ರೂ ತಿನ್ಸಿ ಮುಂದೆ ಹೋಗಿ.

ಒಂದು ಎಚ್ಚರಿಕೆ ಮಾತ್ರ. ಆರು ತಿಂಗಳ ಮೇಲೂ ನಿದ್ದೆ ಊಟ ಕೆಟ್ಟಿದ್ರೆ, ಸ್ಕೂಲಿಗೆ ಹೋಗಲ್ಲ ಅಂತಿದ್ರೆ, ಫ್ರೆಂಡ್ಸ್ ಜೊತೆ ಸೇರೋದೇ ಬಿಟ್ಟಿದ್ರೆ ಡಾಕ್ಟರಿಗೆ ತೋರ್ಸಿ. 'ನಾನೂ ಅಜ್ಜನ ಹತ್ರ ಹೋಗ್ಬೇಕು' ಅನ್ನೋ ಮಾತು ಬಂದ್ರೆ ಅವತ್ತೇ ತೋರ್ಸಿ, ಆರು ತಿಂಗಳು ಲೆಕ್ಕ ಹಾಕ್ತಾ ಕೂರ್ಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಹಗಲು ರಾತ್ರಿ ಎರಡೂ ಹೊತ್ತು, ಕನ್ನಡದಲ್ಲೇ ಮಾತಾಡಬಹುದು. ತೋಟಕ್ಕೆ ಬರಲ್ಲ ಅನ್ನೋದೊಂದೇ ಆದ್ರೆ ಅದು ಕಾಯಿಲೆ ಅಲ್ಲ.

ಈಗ ಆ ಟ್ರಂಕ್ ವಿಷಯಕ್ಕೆ ಬರ್ತೀನಿ. ನಿಮ್ಮ ಪತ್ರ ಓದಿ ನಾನು ಕುರ್ಚಿಯಿಂದ ಎದ್ದಿದ್ದೇ ಅಲ್ಲಿ.

ನಮ್ಮಪ್ಪ ಸಿದ್ದಾಪುರ ಕಡೆ ಒಂದು ಎಸ್ಟೇಟಲ್ಲಿ ರೈಟ್ರಾಗಿದ್ರು. ಮಸ್ಟರ್ ಅಂದ್ರೆ ಆಳುಗಳ ಹಾಜರಿ ಬರೆಯೋದು, ಮಳೆ ಅಳೆಯೋದು ಅವರ ಕೆಲಸ, ಆಫೀಸಿಗೆ ಒಂದು ಪುಸ್ತಕ, ಮನೆಗೆ ಅಂತ ಇನ್ನೊಂದು. ಅವರು ಹೋಗಿ ನಾಲ್ಕು ವರ್ಷಕ್ಕೆ ನಾವು ಮನೆ ಬದಲಾಯಿಸಿದ್ವಿ, ಆಗ ಆ ಮನೆ ಪುಸ್ತಕಗಳನ್ನ ನಾನೇ ಕೈಯ್ಯಾರೆ ಗುಜರಿಯವನಿಗೆ ಕೆ.ಜಿ. ಲೆಕ್ಕದಲ್ಲಿ ತೂಕಕ್ಕೆ ಹಾಕ್ದೆ, ಬರೀ ಮಳೆ ಲೆಕ್ಕ ತಾನೇ ಅಂತ. ಆಮೇಲೆ ಒಂದಿನ ಹಳೇ ಪಂಚಾಂಗದ ಒಳಗೆ ಹರಿದ ಹಾಳೆ ಒಂದು ಸಿಕ್ತು. ಹೂ ಮಳೆ 1 ಇಂಚು 10 ಸೆಂಟ್ ಅಂತ ಬರೆದು ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಹುಡುಗನಿಗೆ ಜ್ವರ ಇಳಿದಿದೆ' ಅಂತ ಬರೆದಿದ್ರು. ಹುಡುಗ ಅಂದ್ರೆ ನಾನು. ಉಳಿದ ಪುಸ್ತಕಗಳ ಅಂಚಲ್ಲಿ ಇನ್ನೇನೇನು ಇತ್ತೋ, ಸಂತೆಯಲ್ಲಿ ಯಾರಿಗೋ ಕಡಲೆಕಾಯಿ ಕಟ್ಟಿ ಕೊಟ್ಟಿರ್ತಾರೆ. ಹೀಗಾಗಿ ಈ ವಿಷಯದಲ್ಲಿ ನನ್ನದು ನಿಷ್ಪಕ್ಷಪಾತ ಸಲಹೆ ಅಲ್ಲ, ಗಟ್ಟಿಯಾಗೇ ಹೇಳ್ತೀನಿ, ಒಂದು ಡೈರಿನೂ ಬಿಸಾಕ್ಬೇಡಿ.

ಮೈಸೂರಲ್ಲಿ ಬೆಳೆದ ಮಕ್ಕಳಿಗೆ ಅದನ್ನ ಓದೋಕೆ ಬರಲ್ಲ, ಕಲ್ಸಿ. ನಮ್ಮ ತೋಟದವರು ಈಗ್ಲೂ ಇಂಚು ಸೆಂಟಲ್ಲೇ ಮಾತಾಡೋದು, ನೂರು ಸೆಂಟ್ ಅಂದ್ರೆ ಒಂದು ಇಂಚು, ಒಂದು ಇಂಚು ಅಂದ್ರೆ 25.4 ಮಿಲಿಮೀಟರ್. 2-35 ಅಂತ ಬರೆದಿದ್ರೆ ಎರಡು ಇಂಚು ಮೂವತ್ತೈದು ಸೆಂಟ್, ಹತ್ತಿರ ಹತ್ತಿರ 60 ಮಿಲಿಮೀಟರ್. ಮಗನಿಗೆ ಲೆಕ್ಕ ಇಷ್ಟ ಇದ್ರೆ ತಿಂಗಳು ತಿಂಗಳು ಕೂಡ್ಸೋಕೆ ಕೊಡಿ, ಬರಲ್ಲ ಅನ್ನೋ ಹುಡುಗನಿಗೆ ಮೈಸೂರಲ್ಲೇ ಕೂತು ಅಜ್ಜನ ಜೊತೆ ಮಾಡೋ ಕೆಲಸ ಅದು. ಫೆಬ್ರವರಿ ಮಾರ್ಚಲ್ಲಿ ಒಂದು ಇಂಚು ಬಿದ್ದಿರೋ ದಿನ ಹುಡುಕೋಕೆ ಹೇಳಿ, ಅದು ಹೂ ಮಳೆ, ಅದಾಗಿ ಎಂಟು ಹತ್ತು ದಿನಕ್ಕೆ ರೋಬಸ್ಟಾ ಹೂ ಬಿಡುತ್ತೆ, ಆಮೇಲೆ ಕಾಯಿ ಕಚ್ಚೋಕೆ ಎರಡು ಮೂರು ವಾರದ ಒಳಗೆ ಇನ್ನೊಂದು ಮಳೆ ಬೇಕು, ಬ್ಯಾಕಿಂಗ್ ಅಂತೀವಲ್ಲ, ಅದು ಬರದೇ ಇದ್ದ ವರ್ಷ ಅಪ್ಪ ಏನು ಗೀಚಿದಾರೆ ನೋಡಿ. ಯಾವುದೋ ವರ್ಷ ಹೂ ಮಳೆ ಬರದೇ ಇದ್ದಿದ್ದಕ್ಕೂ ನಿಮ್ಮ ಕಾಲೇಜು ಫೀಸು ಲೇಟಾಗಿದ್ದಕ್ಕೂ ಸಂಬಂಧ ಸಿಕ್ಕಿದ್ರೂ ಸಿಗುತ್ತೆ. 2018ರ ಆಗಸ್ಟ್ ತೆಗೆದು ನೋಡಿ. ಗುಡ್ಡ ಜರಿದು ಮಕ್ಕಂದೂರು, ಜೋಡುಪಾಲ ಕಡೆ ಊರಿಗೂರೇ ಎದ್ದು ಓಡಿ ಬಂದ ದಿನಗಳಲ್ಲೂ ನಿಮ್ಮಪ್ಪ ಛತ್ರಿ ಹಿಡ್ಕೊಂಡು ಹೋಗಿ ಅಳೆದು ಬಂದಿರ್ತಾರೆ, ಅಳೆದಿಲ್ಲ ಅಂದ್ರೆ ಆ ಖಾಲಿ ಜಾಗನೂ ಒಂದು ಕಥೆ ಹೇಳುತ್ತೆ. ಓದೋಕೆ ಮುಂಚೆ ಪ್ರತಿ ಪುಟ ಫೋನಲ್ಲಿ ಫೋಟೋ ತೆಗೆದಿಟ್ಕೊಳಿ. ನಮ್ಮಲ್ಲಿ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತೆ, ಕಾಗದ ಯಾವ ಲೆಕ್ಕ.

ಅಣ್ಣನ ಗಿಡದ ವಿಷಯ. ಒಳ್ಳೇ ಮನಸ್ಸಿಂದ ಹೇಳಿದಾರೆ, ಬೇಡ ಅನ್ನಲ್ಲ, ಆದ್ರೆ ಒಂದೇ ಒಂದು ಗಿಡ ನೆಟ್ಟು ಇದೇ ಅಜ್ಜ ಅಂತ ಮಕ್ಕಳಿಗೆ ಹೇಳೋದು ಬೇಡ. ಗಿಡ ಸಾಯುತ್ತೆ ತಂಗಿ. ಬೇಸಿಗೆಗೆ ಒಣಗುತ್ತೆ, ದನ ಮೇಯುತ್ತೆ, ಕಳೆ ಹೊಡೆಯೋವಾಗ ಮೆಷಿನ್ನು ತಾಗುತ್ತೆ, ಆನೆ ತುಳಿಯುತ್ತೆ, ಆಗ ಆರು ವರ್ಷದ ಮಗುಗೆ ಅಜ್ಜ ಎರಡನೇ ಸಲ ಸತ್ತ ಹಾಗೆ. ಅದಕ್ಕಿಂತ ಅಪ್ಪನೇ ನೆಟ್ಟಿರೋ ಮರ ತೋಟದಲ್ಲಿ ಯಾವುದಿದೆ ಅಂತ ವಿಚಾರ್ಸಿ, ಇಲ್ದೇ ಇರೋಕೆ ಸಾಧ್ಯನೇ ಇಲ್ಲ. ನೀವು ಹುಟ್ಟಿದ ವರ್ಷ ನೆಟ್ಟಿದ್ದು, ಸಿಡಿಲು ಹೊಡೆದು ಉಳಿದಿದ್ದು, ಕಡಿಯೋಣ ಅಂತ ಬಂದೋರನ್ನ ಬೈದು ಕಳ್ಸಿದ್ದು, ಅಂಥದ್ದೊಂದು ಮರ ತೋರ್ಸಿ ಮಕ್ಕಳ ಕೈಲಿ ಮುಟ್ಸಿ, ಸುತ್ತಳತೆ ದಾರದಲ್ಲಿ ಅಳೆದಿಟ್ಕೊಳಿ, ವರ್ಷ ವರ್ಷ ಅಳೀರಿ. ಹೊಸದು ನೆಡಲೇಬೇಕು ಅಂದ್ರೆ ಎಂಟು ಹತ್ತು ನೆಡಿ, ಜೂನ್ ಮೊದಲ ಮಳೆ ಹಿಡಿದ ಮೇಲೆ. ಸಿಲ್ವರ್ ಓಕ್ ಬೇಡ, ಅದು ಮಾರೋ ಮರ, ನಾಳೆ ದುಡ್ಡಿನ ಅವಶ್ಯಕತೆ ಬಂದು ಕಡಿಬೇಕಾದ್ರೆ ಮನೇಲಿ ಜಗಳ ಆಗುತ್ತೆ. ಹಲಸೂ ಬೇಡ ಅಂತೀನಿ, ಹಲಸು ನೆಡೋದು ಅಂದ್ರೆ ಆನೆಗೆ ಮದುವೆ ಕಾಗದ ಕೊಟ್ಟ ಹಾಗೆ, ಹಣ್ಣಾಗೋ ಕಾಲಕ್ಕೆ ಬೇಲಿ ಮುರಿದು ಬರ್ತವೆ, ಮಕ್ಕಳು ಓಡಾಡೋ ಜಾಗದಲ್ಲಿ ಯಾಕೆ. ಕಾಡು ಸಂಪಿಗೆ, ನೇರಳೆ, ಅತ್ತಿ ಇಂಥದ್ದು ಹಾಕಿ, ಹಕ್ಕಿಗಳಾದ್ರೂ ಬರ್ತವೆ.

ಬೆಂಚು ಹಾಕ್ಸಿ, ತಪ್ಪೇನಿಲ್ಲ. ಮೊದಲ ವರ್ಷ ಬೇಡ ಅಷ್ಟೇ. ಎಲ್ಲಿ ಹಾಕ್ಬೇಕು ಅನ್ನೋದು ಒಂದು ವರ್ಷ ಅವರ ದಾರೀಲಿ ನಡೆದ್ರೆ ತಾನಾಗೇ ಗೊತ್ತಾಗುತ್ತೆ, ಅವರು ಬೀಡಿ ಹಚ್ತಿದ್ದ ಅಥವಾ ಉಸಿರು ತಗೊಳ್ತಿದ್ದ ಜಾಗ ಯಾವುದು ಅಂತ.

ಆ ದಾರಿ ಗೊತ್ತಿರೋರು ಯಾರು? ನಿಮಗೆ ಗೊತ್ತಿಲ್ಲ, ಅಣ್ಣನಿಗೂ ಅಷ್ಟಕ್ಕಷ್ಟೇ, ಅಮ್ಮ ಮನೇಲಿ ಕಾಯ್ತಿದ್ದೋರು. ತೋಟದಲ್ಲಿ ಕೆಲಸ ಮಾಡ್ತಿದ್ದ ಹಳಬರು, ಹೊಳೆಗೆ ಗಾಳ ಹಿಡ್ಕೊಂಡು ಜೊತೆಗೆ ಹೋಗ್ತಿದ್ದ ಸ್ನೇಹಿತರು, ಇವರಲ್ಲಿ ಒಬ್ಬಿಬ್ಬರಿಗೆ ಗೊತ್ತಿರುತ್ತೆ, ಅವರಿಗೂ ವಯಸ್ಸಾಗಿರುತ್ತೆ. ಈ ಏಪ್ರಿಲ್ ರಜೇಲೇ ಹೋಗಿ. ಹೋದಾಗ 'ಅಪ್ಪ ಹೇಗಿದ್ರು' ಅಂತ ಕೇಳ್ಬೇಡಿ, ಕೇಳಿದ್ರೆ ದೇವರಂಥ ಮನುಷ್ಯ ಅಂತ ಹೇಳಿ ಕಾಫಿ ಕೊಟ್ಟು ಕಳಿಸ್ತಾರೆ, ಸತ್ತೋರೆಲ್ಲ ಊರಲ್ಲಿ ದೇವರಂಥವರೇ. ಯಾವ ದಾರೀಲಿ ಹೋಗ್ತಿದ್ರು, ಆನೆ ಬಂದ ದಿನ ಎಲ್ಲಿ ನಿಂತಿದ್ರು, ಮೀನಿಗೆ ಏನು ಕಟ್ತಿದ್ರು, ಜಿಗಣೆಗೆ ಸುಣ್ಣ ಹಚ್ತಿದ್ರಾ ಹೊಗೆಸೊಪ್ಪಾ, ಯಾರ ಮೇಲೆ ಸಿಟ್ಟು ಮಾಡ್ಕೊಂಡಿದ್ರು, ಇಂಥದ್ದು ಕೇಳಿ. ಫೋನಲ್ಲಿ ರೆಕಾರ್ಡ್ ಮಾಡೋ ಕೆಲಸ ಮಗನಿಗೆ ಕೊಡಿ. ತೋಟದ ಮೂಲೆ ಮೂಲೆಗೂ ಮನೆಯವರಿಗೆ ಮಾತ್ರ ಗೊತ್ತಿರೋ ಹೆಸರಿರುತ್ತೆ, ಹೆಬ್ಬಾವು ಕಂಡ ತಿರುವು, ಜೀಪು ಮಗುಚಿದ ಗುಂಡಿ ಅಂತ, ಅವನ್ನೆಲ್ಲ ಮಗಳ ಕೈಲಿ ಒಂದು ದೊಡ್ಡ ಹಾಳೆ ಮೇಲೆ ಬರೆಸಿ. ಸಿಟ್ಟು, ಹಟ, ಕಂಜೂಸ್‌ತನದ ಕಥೆಗಳೂ ಬರ್ಲಿ, ಬರೀ ಒಳ್ಳೇದೇ ಇರೋ ಅಜ್ಜ ಮಕ್ಕಳಿಗೆ ಗೋಡೆ ಮೇಲಿನ ಫೋಟೋ ಆಗ್ಬಿಡ್ತಾರೆ.

ಹಳೇ ಕಾಲದ ಮನಶ್ಶಾಸ್ತ್ರದಲ್ಲಿ ಸತ್ತೋರ ಜೊತೆ ಇರೋ ನಂಟನ್ನ ಮನಸ್ಸು ಮೆಲ್ಲ ಬಿಡಿಸ್ಕೋಬೇಕು, ಆಗಲೇ ದುಃಖ ಮುಗಿಯೋದು ಅಂತಿದ್ರು. 1990ರ ದಶಕದಿಂದ ಈಚೆಗೆ ಆ ಮಾತು ಬದಲಾಗಿದೆ, ನಂಟು ಕಡಿಯೋದು ಬೇಕಿಲ್ಲ, ಅದು ಬೇರೆ ರೂಪದಲ್ಲಿ ಇರೋದೇ ಸಹಜ ಅಂತ ಈಗ ನಾವು ಹೇಳೋದು. ನಗು ಬರುತ್ತೆ ನಂಗೆ, ಕೊಡವರ ಕೈಮಡದಲ್ಲಿ, ಅಂದ್ರೆ ಹಿರಿಯರ ಗುಡಿಯಲ್ಲಿ, ಕಾರಣರಿಗೆ ಅಂತ ತೀರಿಹೋದ ಹಿರಿಯರಿಗೆ ಎಡೆ ಇಟ್ಟು ಅವರಿಗೆ ಇಷ್ಟ ಇದ್ದ ಬಾಡು, ಒಂದು ಗ್ಲಾಸು ಸಾರಾಯಿ ಇಡೋದು ಎಷ್ಟು ತಲೆಮಾರಿಂದ ನಡೆದು ಬಂದಿದೆ, ಅಲ್ಲಿಗೆ ಯಾವ ಪ್ರೊಫೆಸರೂ ಹೋಗಿ ಕಲಿಸ್ಲಿಲ್ಲ.

ಅದಕ್ಕೇ ಅಮ್ಮನ ಗಮ್‌ಬೂಟು ಮುಟ್ಬೇಡಿ. ಅವರೇ ಒಂದಿನ ತೆಗೀತಾರೆ, ಇಲ್ಲಾಂದ್ರೆ ಅದರಲ್ಲಿ ಹೂವಿನ ಗಿಡ ಹಾಕ್ತಾರೆ, ಹಾಗೆ ಮಾಡಿದೋರನ್ನ ನೋಡಿದೀನಿ. ಒಳಗೆ ಹಾವು ಸೇರ್ಕೊಳ್ದೇ ಇರ್ಲಿ ಅಂತ ತಲೆಕೆಳಗು ಮಾಡಿಟ್ರೆ ಸಾಕು. ಆದ್ರೆ ಕೋವಿ ಮಾತ್ರ ನೆನಪಿಗೆ ಅಂತ ಗೋಡೇಲಿ ನೇತಾಕೋ ವಸ್ತು ಅಲ್ಲ. ಕೊಡಗಲ್ಲಿ ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರ ಅಕ್ಟೋಬರ್ ತನಕ ಮುಂದುವರ್ಸಿದೆ, ನಿಜ. ಆದ್ರೆ ಲೈಸೆನ್ಸೋ ವಿನಾಯಿತಿ ಪತ್ರವೋ, ಅಪ್ಪನ ಹೆಸರಲ್ಲಿದ್ದ ಕಾಗದ ಅಪ್ಪನಿಗಷ್ಟೇ. ಇನ್ನೂ ಮಾಡಿಲ್ಲ ಅಂದ್ರೆ ಈ ವಾರವೇ ಅಣ್ಣನ್ನ ಠಾಣೆಗೆ ಕಳ್ಸಿ ಮುಂದಿನ ದಾರಿ ಕೇಳ್ಕೊಂಡು ಬರೋಕೆ ಹೇಳಿ, ಅಲ್ಲೀ ತನಕ ಬೀಗದ ಒಳಗಿರ್ಲಿ.

ತಡಿಯಂಡಮೋಳ್. 1748 ಮೀಟರ್, ನಮ್ಮ ಜಿಲ್ಲೆಯ ಎತ್ತರದ ಬೆಟ್ಟ, ನಿಮ್ಮ ತೋಟದಿಂದ ದಿನಾ ಕಾಣ್ಸೋದು, ಅಣ್ಣನಿಗೆ ಅಲ್ಲಿ ಏನಾದ್ರೂ ಮಾಡ್ಬೇಕು ಅನ್ಸೋದು ಸಹಜ. ಆದ್ರೆ ವರ್ಷದ ದಿನ ಅಂದ್ರೆ ಜೂನ್ ಕೊನೆ, ಆರಿದ್ರಾ ಮಳೆ. 'ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ' ಅಂತಾರಲ್ಲ, ಆಗುತ್ತೆ ಅಂತಾನೇ ಇಟ್ಕೊಳಿ, ಮೇಲೆ ಮಂಜಲ್ಲಿ ಮುಂದಿರೋರ ಬೆನ್ನು ಕಾಣಲ್ಲ, ಆ ಕಡೇ ಏರು ಒಣಗಿದ ದಿನವೂ ಕಾಲು ಜಾರಿಸುತ್ತೆ. ಅದು ಅರಣ್ಯ ಇಲಾಖೆ ಜಾಗ ಬೇರೆ, ಫ್ರೇಮ್ ಹಾಕಿದ ಫೋಟೋ, ಹಾರ, ಪ್ಲಾಸ್ಟಿಕ್ ಕವರ್ ಎಲ್ಲ ಮೇಲೆ ಬಿಟ್ಟು ಬರೋದನ್ನ ಬೆಟ್ಟ ಪ್ರೀತಿಸ್ತಿದ್ದ ಮನುಷ್ಯನ ಹೆಸರಲ್ಲಿ ಮಾಡೋದಾ? ಅವರು ಇದ್ದಿದ್ರೆ ಬೈತಿದ್ರು. ಡಿಸೆಂಬರ್ ರಜೇಲಿ ಹೋಗಿ, ಪರ್ಮಿಶನ್ ತಗೊಂಡು, ನಾಲ್ಕುನಾಡು ಅರಮನೆ ಹತ್ರದಿಂದ ಬೆಳಿಗ್ಗೆ ಬೇಗ ಹೊರಡಿ. ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಅರಮನೆ ಅದು, 1790ರ ದಶಕದ್ದು, ಮಕ್ಕಳಿಗೆ ಅಜ್ಜ ಅದರ ಕಥೆ ಎಷ್ಟು ಮಸಾಲೆ ಹಾಕಿ ಹೇಳಿದ್ರೋ ಏನೋ, ಕೇಳಿ ನೋಡಿ. ಚಿಕ್ಕೋಳಿಗೆ ತುದಿ ತನಕ ಆಗಲ್ಲ, ಅರ್ಧಕ್ಕೆ ಕೂತು ಬುತ್ತಿ ಬಿಚ್ಚಿ ವಾಪಸ್ ಬನ್ನಿ. ಮಗ ಮಾವನ ಜೊತೆ ಮೇಲಕ್ಕೆ ಹೋಗ್ತೀನಿ ಅಂದ್ರೆ ಕಳ್ಸಿ. ಅಲ್ಲಿ ಹೋದಾಗ ಮಗಳು ಸುತ್ತ ಹುಡುಕ್ತಾಳೆ, ಅಜ್ಜ ಎಲ್ಲಿ ಅಂತ. ಅದಕ್ಕೇ ಮೊದ್ಲೇ ಸತ್ಯ ಹೇಳಿ ಅಂದಿದ್ದು.

ವರ್ಷದ ತಿಥಿಗೆ ಭಾಗಮಂಡಲದ ಸಂಗಮದಲ್ಲಿ ಪಿಂಡ ಇಡೋ ಪದ್ಧತಿ ನಿಮ್ಮನೇಲಿದ್ರೆ ಮಕ್ಕಳನ್ನೂ ಕರ್ಕೊಂಡು ಹೋಗಿ, ಹೊರಗೆ ಇಡ್ಬೇಡಿ, ಏನು ನಡೆಯುತ್ತೆ ಅಂತ ಹಿಂದಿನ ದಿನ ಹೇಳಿಟ್ಟಿರಿ. ಮಳೆ ಹಿಡಿದ್ರೆ ಕಾವೇರಿ ಉಕ್ಕಿ ನಾಪೋಕ್ಲು ರಸ್ತೆ ಮುಳುಗುತ್ತೆ, ಅದನ್ನ ನೋಡ್ಕೊಂಡು ಹೊರಡಿ. ಬೇರೆ ದೊಡ್ಡ ಕಾರ್ಯಕ್ರಮ ಬೇಡ. ಅಜ್ಜ ಆಟಿ ತಿಂಗಳಲ್ಲಿ ಮದ್ದುಸೊಪ್ಪು ಕೀಳೋಕೆ ಇವರನ್ನ ಕರ್ಕೊಂಡು ಹೋಗ್ತಿದ್ರು ಅಂದ್ರೆ ಈ ಆಗಸ್ಟ್ 3ಕ್ಕೆ ನೀವು ಕರ್ಕೊಂಡು ಹೋಗಿ, ಆ ಸೊಪ್ಪಿನ ರಸದಲ್ಲಿ ಪಾಯಸ ಮಾಡಿ, ಅದರ ಬಣ್ಣಕ್ಕೆ ಮಾರನೇ ದಿನ ಉಚ್ಚೆ ಕೆಂಪಾಗಿದ್ದಕ್ಕೆ ಇಬ್ರೂ ಕಿರಿಚಾಡ್ಲಿ, ಅದಕ್ಕಿಂತ ಒಳ್ಳೇ ಶ್ರದ್ಧಾಂಜಲಿ ಸಭೆ ನಾನಂತೂ ಮಾಡ್ಸಿಲ್ಲ.

ಕಡೇದಾಗಿ ಒಂದು ಕೆಲಸ, ಮುಂದಿನ ಸಲ ಹೋದಾಗ್ಲೇ ಮಾಡಿ. ಅಪ್ಪ ಮಳೆ ಅಳೀತಿದ್ದ ಮಾಪಕ ಅಂಗಳದಲ್ಲಿ ಹಾಗೇ ನಿಂತಿರುತ್ತೆ, ಜೂನ್‌ನಿಂದ ಯಾರೂ ಮುಟ್ಟಿರಲ್ಲ, ಫನೆಲ್ ಒಳಗೆ ಎಲೆ ಕೊಳೆತು ಇರುವೆ ಗೂಡು ಕಟ್ಟಿರುತ್ತೆ. ಬಿಚ್ಚಿ ತೊಳೆದು, ಬಾಟ್ಲಿ ಒಡೆದಿದ್ರೆ ಬೇರೆ ಇಟ್ಟು, ಮರದ ನೆರಳು ಬೀಳದ ಹಾಗೆ ಮಟ್ಟವಾಗಿ ನಿಲ್ಸಿ. ಬೆಳಿಗ್ಗೆ ಎಂಟೂವರೆಗೆ ಅಳೆಯೋದು ರೂಢಿ, ಹವಾಮಾನ ಇಲಾಖೆಯೋರೂ ಅದೇ ಹೊತ್ತಿಗೆ ಅಳೆಯೋದು. ಮಕ್ಕಳು ಮೈಸೂರಿಗೆ ವಾಪಸ್ ಹೋದ ಮೇಲೆ ಅಮ್ಮ ಅಳೆದು ಫೋನಲ್ಲಿ ಹೇಳ್ಲಿ, ದಿನಾ ಎಂಟೂವರೆಗೆ ಅವರ ದನಿ ಕೇಳೋಕೂ ಒಂದು ನೆಪ ಆಗುತ್ತೆ, ಇಲ್ಲಿ ಮಗ ಬರ್ಕೊಳ್ಲಿ. ಹೊಸ ಪುಸ್ತಕ ತರ್ಬೇಡಿ, ಅಪ್ಪನ ಕಡೇ ಡೈರಿಯಲ್ಲೇ, ಅವರ ಅಕ್ಷರ ನಿಂತ ಕಡೆ ಕೆಳಗಿಂದ ಶುರು ಮಾಡಿ. ಮಧ್ಯ ಹೋದ ತಿಂಗಳುಗಳಿಗೆ ಪಕ್ಕದ ತೋಟದವರ ಲೆಕ್ಕ ಕೇಳಿ ತುಂಬಿಸೋಕೆ ಹೋಗ್ಬೇಡಿ, ಅಷ್ಟು ಸಾಲು ಖಾಲಿ ಬಿಡಿ. ಅಂಚಲ್ಲಿ ಏನು ಗೀಚ್ಬೇಕು ಅನ್ನೋದನ್ನ ಮಕ್ಕಳೇ ನೋಡ್ಕೊತಾರೆ.